ತುತ್ತಿಗೊಂದು ಹನಿ

ಫೆಬ್ರವರಿ 3

ನಮ್ಮನೆ ಡಾಕ್ಟರಮ್ಮನಿಗೆ, ಅತ್ತಿಗೆ ಬರೆಯುವುದು.

ಎಲ್ಲರೂ ಚೆನ್ನಾಗಿದ್ದೇವೆ ಅಂತ ಮೊದಲ ಸಾಲು ಬರೆದು, ಹಾಳೆ ಹರಿದು ಹಾಕಿದೆ. ಫೋನ್ ಮಾಡಬಹುದಿತ್ತು. ಆದರೆ ಫೋನ್ ಇರುವುದು ಊಟದ ಕೋಣೆಯಲ್ಲಿ, ಅಲ್ಲಿ ಯಾವಾಗಲೂ ನಮ್ಮ ಮೆಸ್ಸಿಗೆ ಊಟಕ್ಕೆ ಬರುವವರ ದಂಡು, ದಂಡಿನ ನಡುವೆ ಮಾವನವರು. ಅವರ ಮುಂದೆ ಹೇಳುವ ವಿಷಯವಲ್ಲ ಇದು.

ಮಾವನವರು ಊಟಕ್ಕೆ ಕೂತರೆ ಅಳುತ್ತಾರೆ.

ನೀನು ನಂಬುವುದಿಲ್ಲ, ಗೊತ್ತು. ಅತ್ತೆ ತೀರಿಕೊಂಡ ದಿನ ನಾವೆಲ್ಲ ಗೋಳೋ ಎನ್ನುತ್ತಿದ್ದರೆ, ಇವರು ಬಂದವರಿಗೆ ಕುರ್ಚಿ ಹಾಕುತ್ತಾ, ನೀರು ಕೊಡುತ್ತಾ ಓಡಾಡಿದವರು. "ನಿಮ್ಮ ಕಣ್ಣಲ್ಲಿ ನೀರೇ ಇಲ್ವಾ ಅಪ್ಪಾ?" ಅಂತ ನೀನು ಎಲ್ಲರ ಮುಂದೆ ಕೇಳಿದೆ. ಅವತ್ತಿನಿಂದ ಅಪ್ಪ ಮಗಳಿಗೆ ಮಾತಿಲ್ಲ, ಎರಡು ವರ್ಷವಾಯಿತು. ಅಂಥವರ ಕಣ್ಣಲ್ಲಿ ಈಗ ತುತ್ತಿಗೊಂದು ಹನಿ!

ಮೊದಲ ಸಲ ನೋಡಿದಾಗ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಖಾರ ಜಾಸ್ತಿಯಾಯಿತೇನೋ ಅಂತ ಖಾರ ಕಡಿಮೆ ಮಾಡಿದೆ. ಈರುಳ್ಳಿ ಇರಬಹುದು ಅಂತ ಈರುಳ್ಳಿ ನಿಲ್ಲಿಸಿದೆ. ಮೆಸ್ಸಿನವರು ದಂಗೆ ಎದ್ದರು, "ಏನಕ್ಕಾ, ಆಸ್ಪತ್ರೆ ಊಟ ಹಾಕ್ತಿದ್ದೀರಾ?" ಅಂತ. ಬರೀ ಬೇಯಿಸಿದ ಆಲೂಗಡ್ಡೆ ಕೊಟ್ಟು ನೋಡಿದೆ. ಆಲೂಗಡ್ಡೆಗೂ ಅತ್ತರು.

"ಯಾಕೆ ಮಾವ?" ಅಂದರೆ "ಏನಿಲ್ಲಮ್ಮಾ, ನೀನು ಬಡಿಸು" ಅನ್ನುತ್ತಾರೆ. ಊಟ ಮುಗಿಸಿ ಕೈ ತೊಳೆದು ಬಂದರೆ ಎಂದಿನ ಮನುಷ್ಯ. ನನಗೆ ತಲೆ ಕೆಟ್ಟು ಹೋಗಿದೆ. ನಿನಗೆ ಏನಾದರೂ ಹೊಳೆದರೆ ಬರೆ.

ನಿನ್ನ ಅತ್ತಿಗೆ


ಫೆಬ್ರವರಿ 14

ಅತ್ತಿಗೆಯವರಿಗೆ,

ನಿಮ್ಮ ಕಾಗದ ಓದಿ ಒಂದು ವಾರ ಸುಮ್ಮನಿದ್ದು ಬರೆಯುತ್ತಿದ್ದೇನೆ. ತಕ್ಷಣ ಬರೆದಿದ್ದರೆ ಇದಕ್ಕಿಂತ ಕೆಟ್ಟದಾಗಿ ಬರೆಯುತ್ತಿದ್ದೆ.

ಅಮ್ಮ ಸತ್ತಾಗಲೂ ಅಳದ ಮನುಷ್ಯ ನಿಮ್ಮ ಮೇಜಿನ ಮುಂದೆ ಕೂತು ಅಳುತ್ತಾರೆ ಎಂದರೆ, ನೀವು ಊಟದ ಜೊತೆ ಏನು ಬಡಿಸುತ್ತಿದ್ದೀರಿ? ಅಪ್ಪನ ಗುಣ ನನಗೆ ಗೊತ್ತು. ಟೆಲಿಫೋನ್ ಕಂಬದಿಂದ ಬಿದ್ದು ಕೈ ಮುರಿದಾಗಲೂ "ಏನಿಲ್ಲ" ಎಂದವರು. ಅವರು "ಏನಿಲ್ಲ" ಎಂದಾಗಲೆಲ್ಲ ಏನೋ ಇರುತ್ತದೆ. ದುಡ್ಡು ಕೊಟ್ಟು ಉಣ್ಣುವವರ ಸಾಲಿನಲ್ಲಿ ಮನೆಯ ಹಿರಿಯರನ್ನೂ ಕೂರಿಸಿದ್ದೀರಲ್ಲ, ಅಲ್ಲೇ ಅರ್ಧ ಉತ್ತರ ಸಿಕ್ಕಿತು. ಉಳಿದರ್ಧ ನಿಮ್ಮ ನಾಲಿಗೆಯಲ್ಲಿರಬಹುದು. ಅದರ ಹರಿತ ನಾನೂ ಕಂಡಿದ್ದೇನೆ.

ಅಣ್ಣನಿಗೆ ಲಾರಿ ಬಿಟ್ಟರೆ ಇನ್ನೇನೂ ಕಾಣುವುದಿಲ್ಲವೆ? ವಾರಕ್ಕೊಮ್ಮೆ ಮನೆಗೆ ಬಂದಾಗಲಾದರೂ ಅಪ್ಪನ ಮುಖ ನೋಡುವುದಿಲ್ಲವೆ?

ನನಗೂ ಅಪ್ಪನಿಗೂ ಮಾತಿಲ್ಲ, ನಿಜ. ಹಾಗಂತ ಅವರು ಕಣ್ಣೀರಿನಲ್ಲಿ ಊಟ ಮಾಡುವುದನ್ನು ಕೇಳಿಕೊಂಡು ಇರಲಾರೆ. ನಮ್ಮ ಆಸ್ಪತ್ರೆಯ ಹಿಂದೆ ವಯಸ್ಸಾದವರನ್ನು ನೋಡಿಕೊಳ್ಳುವ ಮನೆಯೊಂದಿದೆ. ಅಲ್ಲಿ ಕೋಣೆ ಹೇಳಿಟ್ಟಿದ್ದೇನೆ. ಮಾರ್ಚ್ ಕೊನೆಗೆ ಗಾಡಿ ಕಳಿಸುತ್ತೇನೆ. ಅವರ ಬಟ್ಟೆ ಕಟ್ಟಿಡಿ.


ಫೆಬ್ರವರಿ 25

ಡಾಕ್ಟರ್ ಮೇಡಂ ಅವರಿಗೆ,

ಇನ್ನು ಮೇಲೆ 'ನೀನು' ಅನ್ನುವುದಿಲ್ಲ. ಅಷ್ಟು ಸಲಿಗೆ ನನಗಿದೆ ಅಂದುಕೊಂಡಿದ್ದೆ, ತಪ್ಪಾಯಿತು.

ನಿಮ್ಮ ಕಾಗದ ನನ್ನ ಹೆಸರಿಗೆ ಬಂತು, ಒಡೆದವರು ಮಾವನವರು. ಇನ್ನೊಬ್ಬರ ಕಾಗದ ಮುಟ್ಟುವವರಲ್ಲ. ನಿಮ್ಮ ಅಕ್ಷರ ಕಂಡು ಬಾಗಿಲಲ್ಲೇ ಒಡೆದು, ನಿಂತುಕೊಂಡೇ ಓದಿದರು. ಯಾಕೆ ಅಷ್ಟು ಆತುರ ಅನ್ನುವುದನ್ನು ನಾನು ಈಗ ಹೇಳುವುದಿಲ್ಲ. ಕಾಗದ ನನ್ನ ಕೈಗೆ ಕೊಟ್ಟು, "ನನ್ನಿಂದ ನಿನಗೆ ಕೆಟ್ಟ ಹೆಸರು ಬಂತಲ್ಲಮ್ಮಾ" ಅಂದರು. ನಾನು ಓದಿದೆ. ಒಲೆ ಮೇಲೆ ಇಟ್ಟದ್ದು ಸೀದು ಕರಕಲಾಗುವವರೆಗೂ ಎದ್ದೇಳಲಿಲ್ಲ.

ಅವರು ಉದ್ದ ಮೇಜಿನಲ್ಲಿ ಕೂರುವುದು ಅವರ ಆಸೆಯಿಂದ. "ನಾಲ್ಕು ಜನದ ಮಾತು ಕಿವಿಗೆ ಬೀಳ್ಬೇಕು, ಒಬ್ಬನೇ ಕೂತ್ರೆ ಗಂಟಲಲ್ಲಿ ಇಳಿಯಲ್ಲ" ಅಂತ ಅವರೇ ಜಗಳ ಮಾಡಿ ಹಿಡಿದ ಜಾಗ ಅದು. ಈಗ ಅದನ್ನೂ ಬಿಟ್ಟರು. ತಟ್ಟೆ ತೆಗೆದುಕೊಂಡು ಉಗ್ರಾಣಕ್ಕೆ ಹೋಗಿ, ಮೂಟೆಗಳ ನಡುವೆ, ಗೋಡೆಗೆ ಮುಖ ಮಾಡಿ ಉಣ್ಣುತ್ತಾರೆ. ಅರ್ಧ ಊಟ ಹಾಗೇ ವಾಪಸ್ ಬರುತ್ತದೆ. ಕುತ್ತಿಗೆಯ ಮೂಳೆ ಕಾಣುತ್ತಿದೆ.

ಹೊರಗಿನ ಕಥೆಯೂ ಕೇಳಿ. "ಸೊಸೆ ಹಾಕೋ ಊಟಕ್ಕೆ ಮುದುಕ ಕಣ್ಣೀರಿಡ್ತಾನೆ" ಅಂತ ಬೀದಿಯಲ್ಲೆಲ್ಲ ಗುಸುಗುಸು. ಬ್ಯಾಂಕಿನ ಗುಮಾಸ್ತರು ಬೇರೆ ಮೆಸ್ಸು ಹಿಡಿದರು. ಅವರು ಮುಖ ಕೊಟ್ಟು ಹೇಳಿಹೋಗಿದ್ದರೂ ಇಷ್ಟು ಉರಿಯುತ್ತಿರಲಿಲ್ಲ.

ನನ್ನ ನಾಲಿಗೆ ಹರಿತ, ಒಪ್ಪಿದೆ. ಅದನ್ನು ಮಾವನವರ ಮೇಲೆ ಒಂದು ದಿನವೂ ಆಡಿಸಿಲ್ಲ. ಬಟ್ಟೆ ನಾನು ಕಟ್ಟುವುದಿಲ್ಲ. ಅವರೇ ಕಟ್ಟಿಕೊಂಡಿದ್ದಾರೆ. ಚೀಲ ಬಾಗಿಲ ಹಿಂದೆ ಇದೆ, ನಾನು ದಿನಾ ಅದನ್ನು ನೋಡಿಕೊಂಡೇ ಕಸ ಗುಡಿಸುತ್ತಿದ್ದೇನೆ. ಗಾಡಿ ಕಳಿಸಿ. ಆಮೇಲೆ ಈ ಮನೆಗೆ ಬರಬೇಡಿ.


ಮಾರ್ಚ್ 9

ಅತ್ತಿಗೆ,

ನೀವು ಈ ಕಾಗದ ಒಡೆಯದೆ ಒಲೆಗೆ ಹಾಕಬಹುದು. ದಯವಿಟ್ಟು ಹಾಕಬೇಡಿ. ಇವತ್ತು ತರಗತಿಯಲ್ಲಿ ಆದದ್ದು ಕೇಳಿ.

ನಮ್ಮ ಮೆಡಿಕಲ್ ಕಾಲೇಜಿನ ಮೊದಲ ವರ್ಷದವರಿಗೆ ಜೊಲ್ಲು ಗ್ರಂಥಿಗಳ ನರಗಳ ಪಾಠ ಇತ್ತು. ಪ್ಯಾರಾಸಿಂಪಥೆಟಿಕ್ ನರಗಳು ಅನ್ನುತ್ತೇವೆ, ನಮ್ಮ ಅಪ್ಪಣೆ ಕೇಳದೆ ತಮ್ಮ ಪಾಡಿಗೆ ಕೆಲಸ ಮಾಡುವ ನರಗಳು. ತಿಂಡಿ ನಾಲಿಗೆಗೆ ತಾಗಿದರೆ ಸಾಕು, ಬಾಯಲ್ಲಿ ನೀರೂರಿಸುತ್ತವೆ. ಹಲಗೆಯ ಮೇಲೆ ಪ್ರತಿ ವರ್ಷ ಬರೆಯುವ ಚಿತ್ರವನ್ನೇ ಬರೆದೆ. ಮುಖದ ನರದೊಳಗೆ ಎರಡು ಎಳೆಗಳು ಒಟ್ಟಿಗೆ ಹೊರಡುತ್ತವೆ. ಒಂದು ದವಡೆಯ ಕೆಳಗಿನ ಜೊಲ್ಲು ಗ್ರಂಥಿಗೆ, ಇನ್ನೊಂದು ಕಣ್ಣೀರಿನ ಗ್ರಂಥಿಗೆ. ಮುಂದಿನ ಸಾಲಿನ ಹುಡುಗಿ ಎದ್ದು ಕೇಳಿದಳು. "ಮೇಡಂ, ನರಕ್ಕೆ ಏಟು ಬಿದ್ದು ಮತ್ತೆ ಬೆಳೆಯುವಾಗ ಜೊಲ್ಲಿನ ಎಳೆ ಕಣ್ಣೀರಿನ ದಾರಿ ಹಿಡಿದ್ರೆ?"

"ಊಟ ಮಾಡುವಾಗ ಕಣ್ಣಲ್ಲಿ ನೀರು ಸುರಿಯುತ್ತೆ" ಎಂದೆ. ಹತ್ತು ವರ್ಷದಿಂದ ಹೇಳಿಕೊಂಡು ಬಂದ ಉತ್ತರ. ಹೇಳಿ ಮುಗಿಸಿದ ಮೇಲೆ ನನ್ನದೇ ಮಾತು ನನ್ನ ಕಿವಿಗೆ ಬಿತ್ತು. ಅತ್ತಿಗೆ, ನಾನು ಮೇಜು ಹಿಡಿದುಕೊಂಡೆ. ಮಕ್ಕಳು ನೀರು ತಂದುಕೊಟ್ಟರು.

ಆದರೆ ಹಾಗಾಗಬೇಕಾದರೆ ಮೊದಲು ಮುಖದ ನರಕ್ಕೆ ಪೆಟ್ಟು ಬಿದ್ದಿರಬೇಕು. ಅಪ್ಪನ ಮುಖ ಯಾವಾಗಲಾದರೂ ಒಂದು ಕಡೆಗೆ ಜೋತಿತ್ತೆ? ಬಾಯಿ ಸೊಟ್ಟಗಾಗಿತ್ತೆ? ನೀರು ಬರುವುದು ಎರಡೂ ಕಣ್ಣಿನಲ್ಲೋ, ಒಂದರಲ್ಲೋ? ಒಂದು ಹೋಳು ನಿಂಬೆಹಣ್ಣು ಅವರ ನಾಲಿಗೆಗೆ ತಾಗಿಸಿ ನೋಡಿ. ಸುಳ್ಳು ಹೇಳಬೇಡಿ, ನಿಮ್ಮ ಕಾಲು ಹಿಡಿಯುತ್ತೇನೆ.


ಮಾರ್ಚ್ 17

ನಿಮಗೆ ಯಾರು ಹೇಳಿದರು?

ನಾನು ಹೇಳಿಲ್ಲ, ನಿಮ್ಮಣ್ಣ ಹೇಳಿಲ್ಲ. ಮಾವನವರಂತೂ ಪ್ರಾಣ ಹೋದರೂ ಹೇಳುವವರಲ್ಲ. ಅಷ್ಟು ದೂರ ಕೂತು ಹಲಗೆ ನೋಡಿ ನಮ್ಮನೆಯ ಗುಟ್ಟು ಕಂಡುಹಿಡಿದಿರಲ್ಲ!

ಹೌದು. ಹೋದ ಜೂನ್‌ನಲ್ಲಿ. ಬೆಳಿಗ್ಗೆ ಎದ್ದು ಬಾಯಿ ಮುಕ್ಕಳಿಸಲು ಹೋದರೆ ನೀರು ಎಡಗಡೆಯಿಂದ ಸೋರಿತಂತೆ. ನಗುತ್ತಾ ಬಂದು "ನೋಡಮ್ಮಾ, ನಲ್ಲಿಯ ವಾಷರ್ ಹೋಗಿದೆ" ಅಂದರು. ನಕ್ಕಾಗ ಮುಖ ಅರ್ಧ ಮಾತ್ರ ನಕ್ಕಿತು. ನಾನು ಕಿಟಾರನೆ ಕಿರುಚಿಕೊಂಡೆ. ಎಡಗಣ್ಣು ಮುಚ್ಚುತ್ತಿರಲಿಲ್ಲ, ಬಾಯಿ ಬಲಕ್ಕೆ ಎಳೆದಿತ್ತು. ಇಲ್ಲಿಯ ಡಾಕ್ಟರು ಮಾತ್ರೆ ಕೊಟ್ಟು, ಪಾರ್ಶ್ವವಾಯು ಅಲ್ಲ, ಮುಖದ ನರಕ್ಕೆ ಮಾತ್ರ ಹೊಡೆದಿದೆ, ನಿಧಾನಕ್ಕೆ ಸರಿಯಾಗುತ್ತೆ ಅಂದರು. ಆಯಿತು ಕೂಡ. ಮಳೆಗಾಲದಲ್ಲಿ ಹೋದ ಮುಖ ಚಳಿಗಾಲಕ್ಕೆ ವಾಪಸ್ ಬಂತು. ಅದರ ಹಿಂದೆಯೇ ಈ ಅಳು.

ನಿಮಗೆ ತಿಳಿಸಬಾರದು ಅಂತ ಮಾವನವರು ನನ್ನ ಕೈಯಲ್ಲಿ ಆಣೆ ಹಾಕಿಸಿಕೊಂಡರು. "ಅವಳು ಬಂದ್ರೆ ನಾನು ಬೇಕು ಅಂತ ಬರ್ಬೇಕು. ಬಾಯಿ ಸೊಟ್ಟ ಆಯ್ತು ಅನ್ನೋ ಕನಿಕರಕ್ಕೆ ಬರೋದು ಬೇಡ." ಆಣೆ ಉಳಿಸಿಕೊಂಡೆ. ಅದನ್ನು ಮುರಿದಿದ್ದರೆ ನಿಮ್ಮ ಆ ಕಾಗದ ನನಗೆ ಬರುತ್ತಿರಲಿಲ್ಲ ಅಂತ ಇವತ್ತು ಗೊತ್ತಾಯಿತು.

ನಿಂಬೆಹಣ್ಣಿನ ಕಥೆ. ಉಗ್ರಾಣದಲ್ಲೇ ಕೊಟ್ಟೆ. ಬಾಯಿಗಿಟ್ಟು ಮುಖ ಕಿವುಚಿದರು. ಎಡಗಣ್ಣಿನಿಂದ ನೀರು ದಳದಳ ಇಳಿಯಿತು. ಬಲಗಣ್ಣು ಒಣಗಿದ ಬಾವಿ. ಇಷ್ಟು ದಿನ ಬರೀ ನೀರು ನೋಡಿದೆನೇ ಹೊರತು ಯಾವ ಕಣ್ಣು ಅಂತ ನೋಡಲಿಲ್ಲ. ಅಳುವವರ ಕಣ್ಣು ಯಾರು ಲೆಕ್ಕ ಹಾಕುತ್ತಾರೆ ಹೇಳಿ?


ಮಾರ್ಚ್ 24

ಅತ್ತಿಗೆ, ನನ್ನ ಅತ್ತಿಗೆ,

ಎಲ್ಲಿಂದ ಶುರು ಮಾಡಲಿ? ಮೊದಲು ನಿಮ್ಮ ಕ್ಷಮೆ ಕೇಳುತ್ತೇನೆ. ಆ ಕಾಗದದಲ್ಲಿ ಬರೆದ ಒಂದೊಂದು ಮಾತೂ ಸುಳ್ಳು. ಯಾರದೋ ರೋಗಿಯ ಬಗ್ಗೆ ಇದೇ ವಿವರ ಬಂದಿದ್ದರೆ ಚಿಟಿಕೆ ಹೊಡೆಯುವಷ್ಟರಲ್ಲಿ ಹೇಳುತ್ತಿದ್ದೆ. ಅಪ್ಪ ಎಂದ ಕೂಡಲೇ ನನ್ನ ಬುದ್ಧಿ ಕೈಕೊಟ್ಟಿತು.

ನಿಮ್ಮ ಅಡುಗೆಯೂ ಕಾರಣವಲ್ಲ, ನಿಮ್ಮ ಮಾತೂ ಕಾರಣವಲ್ಲ. ಅಪ್ಪ ಅಳುತ್ತಲೇ ಇಲ್ಲ! ಕೆಳಗಿನದನ್ನು ಅವರಿಗೆ ಓದಿ ಹೇಳಿ. ಆಯಸ್ಸೆಲ್ಲ ಟೆಲಿಫೋನ್ ಕೇಬಲ್ ಜೋಡಿಸಿದವರು, ನಿಮಗಿಂತ ಬೇಗ ಅರ್ಥ ಮಾಡಿಕೊಳ್ಳುತ್ತಾರೆ.

ಒಂದು ಕೇಬಲ್ಲಿನಲ್ಲಿ ಎರಡು ಮನೆಯ ತಂತಿ ಇದೆ ಅಂದುಕೊಳ್ಳಿ. ಕೇಬಲ್ ತುಂಡಾಯಿತು. ಮತ್ತೆ ಕೂಡುವಾಗ ಮೊದಲ ಮನೆಯ ತಂತಿ ಎರಡನೆಯ ಮನೆಗೆ ಸೇರಿಕೊಂಡಿತು. ಈಗ ಮೊದಲ ಮನೆಗೆ ಫೋನ್ ಮಾಡಿದರೆ ಗಂಟೆ ಬಾರಿಸುವುದು ಎರಡನೆಯ ಮನೆಯಲ್ಲಿ. ಅಪ್ಪನ ಮುಖದಲ್ಲಿ ಆಗಿರುವುದು ಅಷ್ಟೇ. ನಾಲಿಗೆಗೆ ರುಚಿ ಹತ್ತಿದಾಗ ಮೆದುಳು ಜೊಲ್ಲು ಗ್ರಂಥಿಯನ್ನು ಕರೆಯುತ್ತದೆ, ಎದ್ದು ಬರುವುದು ಕಣ್ಣೀರು. ಅದಕ್ಕೂ ದುಃಖಕ್ಕೂ ಸಂಬಂಧವೇ ಇಲ್ಲ. ನಿಮ್ಮ ಊಟ ರುಚಿಯಾದಷ್ಟೂ ಕಣ್ಣೀರು ಜಾಸ್ತಿ, ಹೋಗಿ ಬೀದಿಯವರಿಗೆಲ್ಲ ಹೇಳಿ!

ಮದ್ದೂ ಇದೆ. ಎಡಗಣ್ಣಿನ ಕಣ್ಣೀರಿನ ಗ್ರಂಥಿಗೆ ಒಂದು ಇಂಜೆಕ್ಷನ್. ಕೆಲವು ತಿಂಗಳು ಆ ಕಣ್ಣಲ್ಲಿ ನೀರು ಬರುವುದಿಲ್ಲ, ಬೇಕಾದರೆ ಮತ್ತೆ ಹಾಕಿಸಬಹುದು. ನಿಮ್ಮೂರಿನ ಕಣ್ಣಾಸ್ಪತ್ರೆಯಲ್ಲಿ ನನ್ನ ಸಹಪಾಠಿಯೊಬ್ಬರಿದ್ದಾರೆ, ಹೇಳಿದ್ದೇನೆ. ಆ ಕೋಣೆ ಬೇಡ ಎಂದು ತಿಳಿಸಿದೆ. ಗಾಡಿ ಬರುವುದಿಲ್ಲ. ಅಪ್ಪನ ಚೀಲ ಬಿಚ್ಚಿ, ಅವರನ್ನು ಉದ್ದ ಮೇಜಿಗೆ ಕರೆದು ಕೂರಿಸಿ. ನನಗೆ ಎಷ್ಟು ಹಗುರ ಅನಿಸುತ್ತಿದೆ ಗೊತ್ತೆ!


ಏಪ್ರಿಲ್ 2

ತಂಗೀ,

ನಿನ್ನ ಮೇಲಿನ ಸಿಟ್ಟು ಹೋಯಿತು, ಅದಕ್ಕೇ ಮತ್ತೆ 'ನೀನು'. ಆದರೆ ನೀನು ಹಗುರಾಗಬೇಡ. ಇಲ್ಲಿ ಏನಾಯಿತು ಅಂತ ಪೂರ್ತಿ ಓದು.

ಕಾಗದ ಬಂದಾಗ ನಾನು ಕುಣಿದಾಡಿದೆ. ಮಾವನವರನ್ನು ಕೂರಿಸಿಕೊಂಡು ಗಟ್ಟಿಯಾಗಿ ಓದಿದೆ. ಕೇಬಲ್ಲಿನ ಮಾತು ಬಂದಾಗ ಮುಖ ಅರಳಿತು. "ಜೋಡಿ ತಪ್ಪಿ ಸೇರಿಕೊಂಡಿದೆ ಅನ್ನು. ನಮ್ಮ ಕೆಲಸದಲ್ಲಿ ಇದು ಮಾಮೂಲು" ಅಂದರು. ನಾನು ಮುಂದೆ ಓದಿದೆ. ದುಃಖಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಅನ್ನುವ ಸಾಲಿಗೆ ಅವರ ಮುಖದ ಬಣ್ಣ ಹೋಯಿತು. ಇನ್ನೊಂದು ಸಲ ಓದಿಸಿದರು. ಆಮೇಲೆ ಚಿಕ್ಕ ಮಕ್ಕಳ ಹಾಗೆ ನನ್ನ ಮುಖ ನೋಡಿ ಕೇಳಿದರು:

"ಹಂಗಾದ್ರೆ ನಾನಿನ್ನೂ ಅತ್ತೇ ಇಲ್ವೇನಮ್ಮಾ?"

ನಾನು ಕಾಗದ ಮಡಚಿಟ್ಟೆ.

ನಿನಗೆ ಮುಚ್ಚಿಟ್ಟ ಇನ್ನೊಂದು ಮಾತಿದೆ. ನನ್ನ ಮೊದಲ ಕಾಗದ ನಾನಾಗಿ ಬರೆದದ್ದಲ್ಲ. ಗಾಬರಿ ನನ್ನದೇ, ಆದರೆ "ಅವಳಿಗೆ ಬರೆಯಮ್ಮಾ, ಅಪ್ಪ ಅಳ್ತಾರೆ ಅಂತ ಬರಿ. ನಾನು ಹೇಳ್ದೆ ಅಂತ ಮಾತ್ರ ಬರೀಬೇಡ" ಅಂದವರು ಮಾವನವರು. ಅತ್ತೆಗೋಸ್ಕರ ತಮ್ಮ ಕಣ್ಣಿನ ಕಟ್ಟೆ ಕೊನೆಗೂ ಒಡೆಯಿತು ಅಂತ ಅವರು ನಂಬಿದ್ದರು. ಅತ್ತೆ ಹೋದ ದಿನ ಎಷ್ಟು ಹಿಂಡಿದರೂ ಬರಲಿಲ್ಲವಂತೆ, ತಮ್ಮ ಎದೆಯೇ ಕಲ್ಲೇನೋ ಅಂತ ಹೆದರಿಕೊಂಡಿದ್ದರಂತೆ. ಈಗ ಬಂತಲ್ಲ, ಮಗಳಿಗೆ ಗೊತ್ತಾದರೆ ಒಂದು ಮಾತಾಡುತ್ತಾಳೆ ಅಂತ ಆಸೆ. ಅದಕ್ಕೇ ನಿನ್ನ ಆ ಕಾಗದವನ್ನು ಬಾಗಿಲಲ್ಲೇ ಒಡೆದದ್ದು.

ಮಾರನೆಯ ದಿನ ನಿಮ್ಮಣ್ಣನನ್ನು ಎಬ್ಬಿಸಿ, "ನಡಿ, ಆ ಇಂಜೆಕ್ಷನ್ ಹಾಕಿಸ್ಕೊಂಡು ಬರೋಣ" ಅಂದರು. ಬೇಡ ಮಾವ, ಅಷ್ಟೇನು ಅವಸರ ಅಂದೆ. "ನಿಮ್ಮತ್ತೆಗಲ್ಲದ ಕಣ್ಣೀರು ನನಗ್ಯಾಕೆ?" ಅಂದುಬಿಟ್ಟರು. ಹೋಗಿ ಹಾಕಿಸಿಕೊಂಡು ಬಂದರು.


ಏಪ್ರಿಲ್ 21

ತಂಗೀ,

ನಿನ್ನಿಂದ ಒಂದು ಸಾಲೂ ಇಲ್ಲ. ಬರೆಯಲು ಆಗುತ್ತಿಲ್ಲ ಅಂತ ಅರ್ಥ ಮಾಡಿಕೊಂಡಿದ್ದೇನೆ. ಆದರೂ ಇದನ್ನು ನಿನಗೆ ಹೇಳದೆ ನನಗೆ ಊಟ ಸೇರುವುದಿಲ್ಲ.

ಇಂಜೆಕ್ಷನ್ ಹಿಡಿಯಿತು. ಎಡ ರೆಪ್ಪೆ ಒಂಚೂರು ಇಳಿದಿದೆ, ಅದು ತಾನಾಗಿ ಸರಿಹೋಗುತ್ತದೆ ಅಂದರಂತೆ. ಒಂದು ವಾರದಲ್ಲಿ ಕಣ್ಣು ಪೂರ್ತಿ ಒಣಗಿತು. ಮಾವನವರು ಉದ್ದ ಮೇಜಿಗೆ ವಾಪಸ್ ಬಂದು ಕೂತರು. ದಿನಾ ಊಟಕ್ಕೆ ಬರುವ ಬಸ್ ಕಂಡಕ್ಟರ್ "ಯಜಮಾನ್ರೇ, ಬನ್ನಿ ಬನ್ನಿ, ನೀವಿಲ್ದೆ ಉಪ್ಪಿಲ್ದಂಗಾಗಿತ್ತು" ಅಂತ ಪಕ್ಕಕ್ಕೆ ಸರಿದು ಜಾಗ ಕೊಟ್ಟ. ನನ್ನ ಮೇಲಿನ ಅಪವಾದವೂ ತೊಳೆದು ಹೋಯಿತು. ಬ್ಯಾಂಕಿನ ಗುಮಾಸ್ತರು ಹಲ್ಲು ಗಿಂಜುತ್ತಾ ಬಂದಿದ್ದಾರೆ, ಎರಡು ದಿನ ಸತಾಯಿಸಿ ಸೇರಿಸಿಕೊಂಡೆ.

ನಿನ್ನೆ ಮಧ್ಯಾಹ್ನ ಎಲ್ಲರೂ ಊಟ ಮುಗಿಸಿ ಎದ್ದಿದ್ದರು, ಮಾವನವರೊಬ್ಬರು ಉಳಿದಿದ್ದರು. ಮುಂದೆ ತಟ್ಟೆ ತುಂಬಾ ಊಟ. ಚಮಚ ಎತ್ತುತ್ತಾರೆ, ಇಡುತ್ತಾರೆ. "ಯಾಕೆ ಮಾವ, ಸೇರಲಿಲ್ವಾ?" ಅಂದೆ.

"ಊಟ ಚೆನ್ನಾಗೇ ಇದೆ ಕಣಮ್ಮಾ" ಅಂದರು. ತಟ್ಟೆ ಪಕ್ಕಕ್ಕೆ ಸರಿಸಿ, "ಈ ಚಳಿಗಾಲದಿಂದ ನಾನು ಊಟಕ್ಕೆ ಕೂತ್ರೆ ಅವಳು ಬರ್ತಿದ್ಲು. ಕಣ್ಣಲ್ಲಿ ನೀರು ಬಂದ ತಕ್ಷಣ, ಓ ಬಂದ್ಲು ಅಂದ್ಕೋತಿದ್ದೆ. ಮೂರು ಹೊತ್ತೂ ಅವಳ ಜೊತೆ ಮಾತಾಡ್ತಾ ಉಣ್ತಿದ್ದೆ. ಈಗ ಬರ್ತಿಲ್ಲ" ಅಂದರು.

"ಬರ್ತಿಲ್ಲಮ್ಮಾ" ಅಂತ ಇನ್ನೊಂದು ಸಲ ಅಂದರು. ಆಮೇಲೆ ಅವರ ಗಂಟಲಿನಿಂದ ಒಂದು ಸದ್ದು ಬಂತು. ಅಂಥ ಸದ್ದು ನಾನು ಹುಟ್ಟಿದಾಗಿನಿಂದ ಕೇಳಿಲ್ಲ. ಹೆದರಿ ಓಡಿಹೋಗಿ ಭುಜ ಹಿಡಿದುಕೊಂಡೆ. ಅಳುತ್ತಿದ್ದರು. ಮೈಯೆಲ್ಲ ಅಲುಗಾಡಿಸಿಕೊಂಡು ಅಳುತ್ತಿದ್ದರು. ಬಾಯಲ್ಲಿ ಒಂದು ತುತ್ತೂ ಇರಲಿಲ್ಲ, ತಂಗೀ. ಎಡಗಣ್ಣು ಇಂಜೆಕ್ಷನ್ನಿಗೆ ಒಣಗಿ ಕೂತಿತ್ತು. ನೀರೆಲ್ಲ ಬಲಗಣ್ಣಿನಿಂದ ಬರುತ್ತಿತ್ತು.

ನನ್ನ ಸೆರಗು ಪೂರ್ತಿ ಒದ್ದೆಯಾಯಿತು. ನೀನು ಡಾಕ್ಟರು. ಇದು ಯಾವ ನರ ಅಂತ ನೀನೇ ಹೇಳು.


ಏಪ್ರಿಲ್ 27

ಅಪ್ಪಾ,

ಈ ಕಾಗದ ನಿಮ್ಮ ಹೆಸರಿಗೇ ಇದೆ, ನೀವೇ ಒಡೆಯಿರಿ.

ಅತ್ತಿಗೆ ಬರೆದದ್ದನ್ನು ಓದಿದೆ. ಆಸ್ಪತ್ರೆಯ ಮೆಟ್ಟಿಲ ಮೇಲೆ ಓದಿ, ಅಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ. ನರ ದಾರಿ ತಪ್ಪಿದ್ದನ್ನು ನಿಮಗೆ ಬಿಡಿಸಿ ಹೇಳಿದವಳು ನಾನೇ. ಹೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಆ ಕಣ್ಣಿಗೆ ನೀರು ತಂದದ್ದಷ್ಟೇ ನರದ ಕೆಲಸ. ಆ ನೀರು ಬಂದಾಗಲೆಲ್ಲ ಅಮ್ಮನ ಜೊತೆ ಮಾತಾಡಿದ್ದು ನೀವು. ಅದನ್ನು ನಾನು ಹಲಗೆಯ ಮೇಲೆ ಬರೆದು ತೋರಿಸಲಾರೆ.

ಎರಡು ವರ್ಷದ ಹಿಂದೆ ಎಲ್ಲರ ಮುಂದೆ ನಿಮ್ಮನ್ನು ಕೇಳಬಾರದ್ದನ್ನು ಕೇಳಿದೆ. ನಿಮ್ಮ ಕಾಲು ಹಿಡಿದು ಕ್ಷಮೆ ಕೇಳಬೇಕು. ಅದು ಕಾಗದದಲ್ಲಿ ಆಗುವ ಕೆಲಸವಲ್ಲ. ಭಾನುವಾರ ಮಧ್ಯಾಹ್ನದೊಳಗೆ ಬರುತ್ತೇನೆ. ಅತ್ತಿಗೆಗೆ ಹೇಳಿ, ಬಾಗಿಲಲ್ಲಿ ನಿಲ್ಲಿಸಿ ಬೈಯುವುದಿದ್ದರೆ ಪೂರ್ತಿ ಬೈದು ಮುಗಿಸಲಿ, ನಿಂತು ಕೇಳುತ್ತೇನೆ.

ಆಮೇಲೆ ನಿಮ್ಮ ಪಕ್ಕ ಊಟಕ್ಕೆ ಕೂರುತ್ತೇನೆ. ಅಮ್ಮ ಬಂದಾಗ ಏನೇನು ಮಾತಾಡುತ್ತಿದ್ದಳು, ನನಗೂ ಹೇಳಿ ಅಪ್ಪಾ. ಅವತ್ತು ಅಷ್ಟೆಲ್ಲ ಅತ್ತವಳು ನಾನು. ನನ್ನ ಹತ್ತಿರ ಅವಳು ಒಂದು ಸಲವೂ ಬಂದಿಲ್ಲ.